ಅರಿಶಿನದ ತುಕ್ಕು

ನಮ್ಮ ಮನೆಯಲ್ಲಿ ನಲವತ್ತೊಂದು ಕಾರುಗಳಿದ್ದವು, ಕಿಟಕಿ ಇದ್ದದ್ದು ಒಂದೇ. ಆ ಒಂದು ಕಿಟಕಿಯನ್ನೂ ತೆಗೆಯುವ ಹಾಗಿರಲಿಲ್ಲ, ಕಾರುಗಳ ಮೇಲೆ ಧೂಳು ಕೂರುತ್ತದೆ ಎಂದು. ಹಲಸೂರಿನ ಬಜಾರು ಬೀದಿಯ ಹಿಂದಿನ ಓಣಿಯಲ್ಲಿ, ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಆರು ಮನೆಗಳ ಸಾಲಿನಲ್ಲಿ ನಮ್ಮದು ನಾಲ್ಕನೆಯದು. ಮುಂದೊಂದು ಕೋಣೆ, ಹಿಂದೆ ಅಡುಗೆಮನೆ, ನಡುವೆ ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದಂಥ ಒಂದು ನಡುಮನೆ. ಗಾಳಿ ಬೆಳಕು ಬರುವ ಯೋಗ ಇದ್ದದ್ದು ಮುಂದಿನ ಕೋಣೆಗೆ ಮಾತ್ರ, ಅದನ್ನು ಅಪ್ಪ ತನಗೆ ಇಟ್ಟುಕೊಂಡಿದ್ದ. ಮೂರು ಗೋಡೆಗೂ ಹಲಗೆ ಹೊಡೆಸಿ, ಗಾಜಿನ ಬಾಗಿಲು ಇಡಿಸಿ, ಒಳಗೆ ತನ್ನ ಕಾರುಗಳನ್ನು ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಿದ್ದ. ಅಪ್ಪ, ಅಮ್ಮ, ನಾನು ಮೂವರೂ ನಡುಮನೆಯಲ್ಲಿ ಒಬ್ಬರಿಗೊಬ್ಬರು ತಾಗಿಕೊಂಡೇ ಮಲಗುತ್ತಿದ್ದೆವು. ಇಷ್ಟೆಲ್ಲ ಮರ್ಯಾದೆ ಪಡೆಯುತ್ತಿದ್ದ ಆ ಕಾರುಗಳು ಒಂದೊಂದೂ ನನ್ನ ಗೇಣಿನಷ್ಟಿದ್ದವು. ಅಪ್ಪ ಕಾರ್ಖಾನೆಗೆ ಹೋಗುತ್ತಿದ್ದದ್ದು ಸೈಕಲ್ಲಿನಲ್ಲಿ.

ಆಟದ ಕಾರು ಎಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಾಡೆಲ್ ಅನ್ನಬೇಕು, ಅವನ ಬಾಯಲ್ಲಿ ಅದು ಮಾಡ್ಲು. ನಿಜವಾದ ಕಾರಿನ ಇಪ್ಪತ್ತನಾಲ್ಕನೆಯ ಒಂದು ಪಾಲು, ಅಳತೆಯಲ್ಲಿ ಕೂದಲೆಳೆ ಹೆಚ್ಚುಕಮ್ಮಿ ಇಲ್ಲ, ಅದನ್ನು ಮಕ್ಕಳ ಆಟಿಕೆಗೆ ಹೋಲಿಸುವವರಿಗೆ ಬುದ್ಧಿ ಇಲ್ಲ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದ. ಕಾರ್ಖಾನೆಯ ಉಗ್ರಾಣದಲ್ಲಿ ನಟ್ಟು ಬೋಲ್ಟು ಎಣಿಸಿ ಬರೆಯುವ ಗುಮಾಸ್ತನಿಗೆ ಮನೆಯಲ್ಲಾದರೂ ಒಂದು ದೊಡ್ಡಸ್ತಿಕೆ ಬೇಡವೇ. ಅಮ್ಮ ಆ ಮಾತನ್ನು ಹಿಡಿದುಕೊಂಡು ಕೊನೆಯವರೆಗೂ ಬಿಡಲಿಲ್ಲ. ಯಾರಾದರೂ ಯಜಮಾನರು ಎಲ್ಲಿ ಎಂದು ಕೇಳಿದರೆ, ಒಳಗಿದ್ದಾರೆ, ಮಾಡ್ಲು ಬೇರೆ ಕೆಲಸ ಇಲ್ಲ, ಮಾಡ್ಲು ಮಾಡ್ತಿದ್ದಾರೆ, ಎನ್ನುತ್ತಿದ್ದಳು. ಓಣಿಯವರು ನಗುತ್ತಿದ್ದರು, ಅಪ್ಪನಿಗೆ ಅದು ಕೇಳಿಸುತ್ತಿತ್ತು. ಕೇಳಿಸಲಿ ಎಂದೇ ಅವಳು ಹೇಳುತ್ತಿದ್ದದ್ದು.

ಬಿಡಿ ಭಾಗ ಜೋಡಿಸಿ ಮಾಡುವ ಈ ಕಾರಿನ ಡಬ್ಬಿಗಳು ಸಿಗುತ್ತಿದ್ದದ್ದು ಶಿವಾಜಿನಗರದ ಗುಜರಿಯಲ್ಲಿ. ಮನೆ ಖಾಲಿ ಮಾಡಿ ಹೊರದೇಶಕ್ಕೆ ಹೊರಟ ಕಂಟೋನ್ಮೆಂಟಿನ ಸಂಸಾರಗಳು ಬಿಟ್ಟುಹೋದ ಸಾಮಾನಿನಲ್ಲಿ, ಯಾರೋ ಮಕ್ಕಳು ಅರ್ಧಕ್ಕೆ ಕೈಬಿಟ್ಟ ಪ್ಲಾಸ್ಟಿಕ್ ಕಾರಿನ ಡಬ್ಬಿ ಒಂದಾದರೂ ಇರುತ್ತಿತ್ತು. ಅಪ್ಪನ ಪಾಲಿಗೆ ಬಂದ ಡಬ್ಬಿಯಲ್ಲಿ ಒಂದಿದ್ದರೆ ಒಂದಿಲ್ಲ. ಚಕ್ರ ನಾಲ್ಕಿದ್ದರೆ ದೀಪ ಇಲ್ಲ, ದೀಪ ಇದ್ದರೆ ಬಾಗಿಲ ಹಿಡಿ ಇಲ್ಲ. ಇಲ್ಲದ್ದನ್ನೆಲ್ಲ ಅವನು ಅಮ್ಮನಿಂದ ತುಂಬಿಸಿಕೊಳ್ಳುತ್ತಿದ್ದ. ಅಮ್ಮ ಓಣಿಯ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ರವಿಕೆಯ ಹುಕ್ಕು ಕಾರಿನ ಬಾಗಿಲ ಹಿಡಿಯಾಯಿತು. ಒಡೆದ ಕೆಂಪು ಗಾಜಿನ ಬಳೆ ಹಿಂದಿನ ದೀಪವಾಯಿತು. ಮಾತ್ರೆಯ ಬೆಳ್ಳಿ ಹಾಳೆ ಬಂಪರ್ ಆಯಿತು, ಸೂಜಿ ಮುರಿದರೆ ಏರಿಯಲ್ ಆಯಿತು. ಬಳೆ ಒಡೆಯದೇ ಹೋದ ತಿಂಗಳಲ್ಲಿ ಅಪ್ಪ ಅಮ್ಮನ ಕೈಯನ್ನೇ ನೋಡುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ಇದಕ್ಕೆ ಅವನು ಇಟ್ಟಿದ್ದ ಹೆಸರು ಕಲೆ. ಅಮ್ಮ ಇಟ್ಟಿದ್ದ ಹೆಸರು ಬೇರೆ.

"ನಿಮ್ಮಪ್ಪನ ಕಾರಿಗೆ ಬಾಗಿಲು ಬಂತು. ಸರೋಜಮ್ಮನ ರವಿಕೆಗೆ ಬಾಗಿಲಿಲ್ಲ. ಹೋಗಿ ಹೇಳ್ಬಾ, ಸೆರಗು ಬಿಗಿಯಾಗಿ ಹೊದ್ಕೊಳ್ಳಿ ಅಂತ."

ಹೊಲಿಗೆಗೆ ಬೆಳಕು ಬೇಕು. ಕಿಟಕಿ ಮುಚ್ಚಿತ್ತಾದ್ದರಿಂದ ಅಮ್ಮ ಮಿಷನ್ನನ್ನು ಹೊಸ್ತಿಲ ಆಚೆ ಜಗಲಿಯ ಮೇಲೆ ಇಟ್ಟುಕೊಂಡು ಹೊಲಿಯುತ್ತಿದ್ದಳು. ಹನಿ ಬಿದ್ದರೆ ಒಳಗೆಳೆದುಕೊಳ್ಳಬೇಕು, ನಿಂತರೆ ಹೊರಗೆ ತಳ್ಳಬೇಕು. ಹೋಗುವವರು ಬರುವವರೆಲ್ಲ ಅವಳ ಕೆಲಸಕ್ಕೆ ಇಣುಕುತ್ತಿದ್ದರು. ಕಿಟಕಿ ಒಂದರ್ಧ ಗಂಟೆ ತೆಗೀರಿ, ಕಾಜಾ ಮುಗಿಸ್ಕೋತೀನಿ ಎಂದು ಅವಳು ಕೇಳಿದಾಗಲೆಲ್ಲ ಅಪ್ಪನಿಗೆ ಒಂದು ಕಾರು ಹಸಿ ಬಣ್ಣದಲ್ಲಿರುತ್ತಿತ್ತು. ವರ್ಷದ ಮುನ್ನೂರ ಅರವತ್ತೈದು ದಿನವೂ ಯಾವುದೋ ಒಂದು ಕಾರು ಹಸಿಯಾಗಿಯೇ ಇರುತ್ತಿತ್ತು.

ಭಾನುವಾರ ಮುಖ್ಯ ಬಣ್ಣದ ದಿನ. ಅವತ್ತು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿರಲಿಲ್ಲ. ಎಣ್ಣೆಯ ಹೊಗೆ ಬಂದು ಬಣ್ಣದ ಮೇಲೆ ಜಿಡ್ಡಾಗಿ ಕೂರುತ್ತದಂತೆ. ಓಣಿಯೆಲ್ಲ ಕೋಳಿಸಾರಿನ ಘಮ ಹಬ್ಬಿದ ಹೊತ್ತಿನಲ್ಲಿ ನಾವು ಒಗ್ಗರಣೆ ಇಲ್ಲದ ಬೇಳೆಸಾರಿಗೆ ತಿನ್ನರಿನ ವಾಸನೆ ನೆಂಚಿಕೊಂಡು ಉಣ್ಣುತ್ತಿದ್ದೆವು. ಅಮ್ಮ ಬಡಿಸುವಾಗ ನನ್ನ ಕಡೆ ತಿರುಗಿ, ಅಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ ಒಂದು ಮಾತು ಹೇಳುತ್ತಿದ್ದಳು.

"ಸೂತಕದ ಮನೇಲೂ ಹನ್ನೊಂದನೇ ದಿನಕ್ಕೆ ಒಗ್ಗರಣೆ ಸಿಡಿಯುತ್ತೆ ಕಣೇ. ನಮ್ಮನೇಲಿ ವಾರವಾರ ಸೂತಕ."

ಅಪ್ಪ ತಲೆಯೆತ್ತದೆ ಉಣ್ಣುತ್ತಿದ್ದ. ಅವನ ಉಗುರಿನ ಸಂದಿಯಲ್ಲಿ ಬಣ್ಣ ಇರುತ್ತಿತ್ತು. ಅಮ್ಮನ ಕಣ್ಣಿನಿಂದಲೇ ನಾನು ಅವನನ್ನು ನೋಡಲು ಕಲಿತೆ, ಆ ತಾತ್ಸಾರ ನನಗೆ ಅವಳ ಕೈತುತ್ತಿನ ಜೊತೆಗೇ ಬಂತು. ಆದರೂ ಒಂದು ನಿಜವನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಕೋಣೆಯೊಳಗೆ ಅವನು ನನ್ನನ್ನು ಒಮ್ಮೆಯಾದರೂ ಕರೆದು, ಮಂಜು, ಇದನ್ನ ಹಿಡ್ಕೋ, ಎನ್ನಲಿ ಎಂದು ನಾನು ಹನ್ನೊಂದು ವರ್ಷ ಕಾದಿದ್ದೆ. ಅವನು ಕರೆಯಲಿಲ್ಲ. ಹೆಣ್ಣುಮಕ್ಕಳ ಕೈ ಬೆವರುತ್ತದೆ, ಬೆರಳಚ್ಚು ಬೀಳುತ್ತದೆ ಎನ್ನುತ್ತಿದ್ದ.

ವರ್ಷಕ್ಕೊಂದು ದಿನ ಮಾತ್ರ ನನಗೆ ಒಳಗೆ ಪ್ರವೇಶ, ಅದು ಆಯುಧಪೂಜೆಯ ದಿನ. ಓಣಿಯಲ್ಲಿ ಎಲ್ಲರೂ ಸೈಕಲ್ಲು, ಸ್ಕೂಟರ್ರು ತೊಳೆದು ಹೂ ಹಾಕಿ ಚಕ್ರದಡಿ ನಿಂಬೆಹಣ್ಣಿಡುತ್ತಿದ್ದರು. ಅಪ್ಪ ತನ್ನ ಕಾರುಗಳಿಗೆಲ್ಲ ಪೂಜೆ ಮಾಡುತ್ತಿದ್ದ. ಗೇಣುದ್ದದ ಕಾರಿಗೆ ನಿಂಬೆಹಣ್ಣು ಆನೆಗಾತ್ರವಾಗುತ್ತದೆ ಎಂದು ಹಿಂದಿನ ರಾತ್ರಿಯೇ ಹೆಸರುಕಾಳು ನೆನೆಸಿಡಲು ಹೇಳಿ, ಬೆಳಿಗ್ಗೆ ಕಾರಿಗೆ ನಾಲ್ಕರಂತೆ ಕಾಳಿಟ್ಟು, ಹೆಬ್ಬೆರಳಿನಲ್ಲಿ ಕಾರನ್ನು ಒತ್ತಿ ಒಂದೊಂದಾಗಿ ಪಿಚಕ್ಕೆನಿಸುತ್ತಿದ್ದ. ಮೀಸೆ ಬಂದ ಗಂಡಸು ಚಕ್ಕಳಮಕ್ಕಳ ಕೂತು ಹೆಸರುಕಾಳು ಹಿಚುಕುವುದನ್ನು ನೋಡಿ ಅಮ್ಮ, ಇಷ್ಟರಲ್ಲಿ ಒಂದು ಪಾತ್ರೆ ಕೋಸಂಬರಿ ಆಗ್ತಿತ್ತು, ಎಂದು ಹೇಳಿ ತನ್ನ ಹೊಲಿಗೆ ಮಿಷನ್ನಿಗೆ ಕುಂಕುಮ ಇಟ್ಟು ಎದ್ದುಹೋಗುತ್ತಿದ್ದಳು. ಕೊನೆಗೆ ಆರತಿ ಎತ್ತುವುದು ಮನೆಯ ಹೆಣ್ಣುಮಗುವಿನ ಕೆಲಸ. ಅದನ್ನು ತಪ್ಪಿಸಲು ಅಪ್ಪನಿಗೂ ಧೈರ್ಯವಿರಲಿಲ್ಲ.

ಆ ವರ್ಷ ನಲವತ್ತೊಂದನೆಯ ಕಾರು ಹೊಸದಾಗಿ ಮುಗಿದಿತ್ತು. ಹಳೆಯ ಕಾಲದ ಬಿಳಿಯರ ಕಾರು, ಕೆನೆ ಬಣ್ಣ, ಎರಡು ಬಾಗಿಲಿಗೆ ಎರಡು ಹುಕ್ಕು. ಮೇಲಿನ ವಾರ್ನಿಷ್ ಒಂದು ಬಾಕಿ. ಮುಂದಿನ ಭಾನುವಾರ ಅದನ್ನು ನೋಡಲು ಇಂದಿರಾನಗರದಿಂದ ಕರ್ನಲ್ ಸಾಹೇಬರು ಬರುವವರಿದ್ದರು. ಈ ಕರ್ನಲ್ ನಿವೃತ್ತರಾಗಿ ಮನೆಯಲ್ಲಿ ಕೂತು ಇದೇ ಹುಚ್ಚು ಹಚ್ಚಿಕೊಂಡವರು. ಅವರ ಮನೆಯಲ್ಲಿ ತಿಂಗಳಿಗೊಮ್ಮೆ ನಾಲ್ಕು ಜನ ಗಂಡಸರು ಸೇರಿ ಒಬ್ಬರ ಕಾರನ್ನು ಒಬ್ಬರು ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಅದನ್ನು ಸಂಘ ಎಂದು ಕರೆಯುತ್ತಿದ್ದರು. ಮೂವರಿಗೆ ಸೋಫಾ, ಅಪ್ಪನಿಗೆ ಸ್ಟೂಲು. ಕರ್ನಲ್‌ಗೆ ಕನ್ನಡ ಬರುತ್ತಿತ್ತು, ಆದರೆ ಅದನ್ನು ಮಾಲಿಯ ಹತ್ತಿರ ಕಲಿತವರ ಹಾಗೆ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಅಪ್ಪ ಅದನ್ನೂ ಸಲಿಗೆ ಎಂದುಕೊಂಡಿದ್ದ.

ನಾನು ಆರತಿ ತಟ್ಟೆಯಲ್ಲಿ ನೀರಿಗೆ ಅರಿಶಿನ ಹಾಕಿ, ಅಮ್ಮನ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಕಲಸಿದೆ. ಅರಿಶಿನಕ್ಕೆ ಸುಣ್ಣ ಬಿದ್ದೊಡನೆ ಕೆಂಪಾಗುವುದು ನನಗೆ ಯಾವತ್ತೂ ಖುಷಿ ಕೊಡುತ್ತಿದ್ದ ಸಂಗತಿ, ಅವತ್ತು ಸುಣ್ಣ ಸ್ವಲ್ಪ ಧಾರಾಳವಾಯಿತು. ತಟ್ಟೆ ಎತ್ತಿ ಮೂರು ಸುತ್ತು ಸುತ್ತುವಾಗ ನನ್ನ ಮೊಣಕೈ ಗಾಜಿನ ಬಾಗಿಲಿಗೆ ಬಡಿದು, ಅರ್ಧ ತಟ್ಟೆ ನೀರು ನೇರ ಆ ಕೆನೆ ಬಣ್ಣದ ಕಾರಿನ ಮೇಲೆ ಸುರಿಯಿತು. ಬಾಗಿಲ ಸಂದು, ಚಕ್ರದ ಕಮಾನು, ಬಾನೆಟ್ಟಿನ ಅಂಚು, ಎಲ್ಲೆಲ್ಲಿ ಗೆರೆಯಿತ್ತೋ ಅಲ್ಲೆಲ್ಲ ಕೆಂಪು ಇಳಿಯಿತು. ಅಪ್ಪ ಒರೆಸಿದಷ್ಟೂ ಅದು ಬಣ್ಣದೊಳಗೆ ಇಳಿದು ಹರಡಿತು. ಅವನು ಹೊಡೆಯಲಿಲ್ಲ. ಹೊಡೆದಿದ್ದರೆ ಬೇಗ ಮರೆಯುತ್ತಿದ್ದೆ.

"ದರಿದ್ರ ಕೈ ನಿಂದು. ಇನ್ನು ಆ ಕೈಯಲ್ಲಿ ಈ ಮನೇಲಿ ಏನನ್ನೂ ಮುಟ್ಬೇಡ."

ಅಮ್ಮ ಅಡುಗೆಮನೆಯಿಂದಲೇ, ಹಾಗಾದ್ರೆ ಇವತ್ತಿಂದ ಪಾತ್ರೆ ನೀವೇ ತೊಳೀರಿ, ಎಂದಳು. ಅಪ್ಪ ಕಾರನ್ನು ಕಸದ ಬುಟ್ಟಿಗೆ ಹಾಕಿ ಸೈಕಲ್ ಹತ್ತಿ ಹೊರಟುಹೋದ. ಅಮ್ಮ ಅದನ್ನು ಬುಟ್ಟಿಯಿಂದ ಎತ್ತಿ ಮಿಷನ್ನಿನ ಡ್ರಾಯರಿನಲ್ಲಿ ಹಾಕಿಕೊಂಡಳು. ಪ್ರೀತಿಯಿಂದಲ್ಲ. ಅದರಲ್ಲಿ ಅವಳವೇ ಎರಡು ಹುಕ್ಕುಗಳಿದ್ದವು.

ನಾನು ನನ್ನ ಕೈಯನ್ನು ನೋಡಿಕೊಂಡೆ. ಆರತಿಯ ಕೆಂಪು ಬೆರಳ ಸಂದಿಗಳಲ್ಲಿ ಇನ್ನೂ ಇತ್ತು. ದರಿದ್ರ ಎಂದರೆ ಇದೇ ಬಣ್ಣ ಇರಬೇಕು ಎಂದುಕೊಂಡೆ. ಆಮೇಲಿನ ದಿನಗಳಲ್ಲಿ ಅಪ್ಪ ನನ್ನ ಜೊತೆ ಮಾತು ಬಿಟ್ಟ. ನಾನು ನೀರು ಕೊಟ್ಟರೆ ಲೋಟ ಮುಟ್ಟುತ್ತಿರಲಿಲ್ಲ, ಅಮ್ಮ ಕೊಟ್ಟರೆ ಕುಡಿಯುತ್ತಿದ್ದ. ಒಂದು ಪ್ಲಾಸ್ಟಿಕ್ ಕಾರಿಗಾಗಿ.

ಭಾನುವಾರ ಕರ್ನಲ್ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ನಮ್ಮ ಓಣಿಗೆ ಅವರ ನಿಜವಾದ ಕಾರು ನುಗ್ಗದೆ ಬಜಾರಿನಲ್ಲೇ ಬಿಟ್ಟು ನಡೆದು ಬಂದಿದ್ದರು, ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡು. ಅಪ್ಪ ನಲವತ್ತು ಕಾರುಗಳನ್ನೂ ಒಂದೊಂದಾಗಿ ತೋರಿಸಿದ. ಕರ್ನಲ್ ಎಲ್ಲಕ್ಕೂ ಗುಡ್, ಗುಡ್ ಎಂದರು. ಎಲ್ಲ ಅಂಗಡಿಯಿಂದ ತಂದ ಹಾಗಿದೆ, ಜೀವ ಇಲ್ಲ, ಹೊಸ ಕಾರು ಯಾರು ಬೇಕಾದರೂ ಮಾಡಬಹುದು ಎಂದೂ ಹೇಳಿದರು. ಕಾಫಿ ಲೋಟಗಳ ತಟ್ಟೆ ಹಿಡಿದು ನಡುಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಅಪ್ಪನ ಕತ್ತಿನ ಹಿಂಭಾಗ ಕಾಣುತ್ತಿತ್ತು. ಅದು ಬೆವರುತ್ತಿತ್ತು.

ಹೊರಡುವಾಗ ಶೂ ಹಾಕಲು ಬಗ್ಗಿದ ಕರ್ನಲ್ ಬಗ್ಗಿದಂತೆಯೇ ನಿಂತರು. ಜಗಲಿಯಲ್ಲಿ ಅಮ್ಮ ಆ ಹಾಳಾದ ಕಾರನ್ನು ತೊಡೆಯ ಮೇಲಿಟ್ಟುಕೊಂಡು ಕತ್ತರಿಯ ತುದಿಯಿಂದ ಹುಕ್ಕು ಕೀಳುತ್ತಿದ್ದಳು. ಎಡಗಡೆಯದು ಆಗಲೇ ಬಂದಿತ್ತು. ಕರ್ನಲ್ ಕಾರನ್ನು ಅವಳ ಕೈಯಿಂದ ತೆಗೆದುಕೊಂಡು ಭೂತಗನ್ನಡಿ ಹಿಡಿದರು. ಒಣಗಿದ ಮೇಲೆ ಆರತಿಯ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿ, ಸುಣ್ಣ ಅಲ್ಲಲ್ಲಿ ಪುಡಿಗಟ್ಟಿ, ಮಳೆಯಲ್ಲಿ ಹತ್ತು ವರ್ಷ ನಿಂತ ಕಾರಿನ ಹಾಗೆ ಕಾಣುತ್ತಿತ್ತು. ಮೂವರೂ ತಲೆಗೆ ತಲೆ ತಾಗಿಸಿ ನೋಡಿದರು. ಎಂಥ ತುಕ್ಕು, ಬಣ್ಣದ ಒಳಗಿಂದ ಎದ್ದು ಬಂದಿದೆ ನೋಡಿ ಎಂದು ಒಬ್ಬರು. ಹಿಡಿ ಕೂಡ ಒಂದೇ ಕಡೆ, ಇನ್ನೊಂದು ಬಿದ್ದುಹೋದ ಹಾಗೆ, ಎಂಥ ಯೋಚನೆ ಎಂದು ಇನ್ನೊಬ್ಬರು. ಬಿದ್ದುಹೋದ ಹಿಡಿ ಅಮ್ಮನ ಬಾಯಲ್ಲಿತ್ತು, ತುಟಿಯಲ್ಲಿ ಕಚ್ಚಿಕೊಂಡಿದ್ದಳು. ನಮ್ಮ ಕಿಟಕಿಯ ಸರಳಿನಲ್ಲಿ, ನೀರಿನ ಪೀಪಾಯಿಯಲ್ಲಿ, ಬೇಕಾದಷ್ಟು ಅಸಲಿ ತುಕ್ಕಿತ್ತು. ಅದರ ಮೇಲೆ ಯಾರೂ ಕನ್ನಡಿ ಹಿಡಿಯಲಿಲ್ಲ.

"ಮುನಿರಾಜು, ಇದು ಯಾರ ಕೈ?"

ಕೈ ಎಂದೇ ಕೇಳಿದರು. ಲೋಟಗಳು ತಟ್ಟೆಯಲ್ಲಿ ಸಣ್ಣಗೆ ಸದ್ದು ಮಾಡಿದವು. ಅಪ್ಪ ತಿರುಗಿ ನನ್ನನ್ನು ನೋಡಿದ, ನಿಜವಾಗಿಯೂ ನೋಡಿದ, ಎಷ್ಟೋ ದಿನಗಳಾದ ಮೇಲೆ. ಈಗ ಹೇಳುತ್ತಾನೆ ಎಂದುಕೊಂಡೆ. ನನ್ನ ಮಗಳು ಸಾರ್, ಕೈತಪ್ಪಿ ಚೆಲ್ಲಿದಳು ಎಂದರೂ ಸಾಕಿತ್ತು.

"ನಾನೇ ಸಾರ್. ಆರು ತಿಂಗಳ ಕೆಲ್ಸ."

ಕರ್ನಲ್ ಅವನ ಬೆನ್ನು ತಟ್ಟಿದರು. ಒಂದು ತಿಂಗಳು ತಮ್ಮ ಮನೆಯ ಗಾಜಿನ ಬೀರುವಿನಲ್ಲಿರಲಿ, ಬಂದವರಿಗೆಲ್ಲ ತೋರಿಸುತ್ತೇನೆ ಎಂದು ಕಾರನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ದರು. ಅಪ್ಪ ಬಜಾರಿನವರೆಗೆ ಅವರ ಹಿಂದೆ ಓಡಿದ. ನಾನು ಅಡುಗೆಮನೆಗೆ ಹೋಗಿ ಯಾರೂ ಮುಟ್ಟದ ಕಾಫಿಯನ್ನು ಬಚ್ಚಲಿಗೆ ಚೆಲ್ಲಿದೆ. ಈಗ ನನ್ನ ಕಸುಬು ಅಪಘಾತವಾದ ವಾಹನಗಳನ್ನು ಪರೀಕ್ಷಿಸಿ ವಿಮೆಗೆ ವರದಿ ಬರೆಯುವುದು. ಹಳೆಯ ಪೆಟ್ಟನ್ನು ನಿನ್ನೆಯದು ಎನ್ನುವವರು, ತಾವು ಗುದ್ದಿದ್ದನ್ನು ಇನ್ನೊಬ್ಬರ ಮೇಲೆ ಹಾಕುವವರು ದಿನಾ ಸಿಗುತ್ತಾರೆ. ಅವರ ಬಾಯಿಗಿಂತ ಮೊದಲು ನಾನು ಕಣ್ಣು ನೋಡುತ್ತೇನೆ. ಸುಳ್ಳು ಹೇಳುವವನು ಬಾಯಿ ತೆರೆಯುವ ಮೊದಲು ಯಾರನ್ನೋ ಒಬ್ಬರನ್ನು ನೋಡುತ್ತಾನೆ. ಅದನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ.

ಅಂದು ಮಧ್ಯಾಹ್ನ ಅಮ್ಮ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿಯಿತು, ಅಪ್ಪ ಏನೂ ಅನ್ನಲಿಲ್ಲ, ಅವನಿಗೆ ನೆಲವೇ ಕಾಲಿಗೆ ತಾಗುತ್ತಿರಲಿಲ್ಲ. ನಾನು ಗೋಡೆಗೆ ಮುಖ ಮಾಡಿ ಕೂತಿದ್ದೆ. ಅಮ್ಮ ಪಕ್ಕ ಕೂತು ಮೆಲ್ಲಗೆ ಹೇಳಿದಳು.

"ಬಿಡು ಮಂಜು. ಅರಿಶಿನ ತಾನೇ, ಎಷ್ಟು ದಿನ ಇರುತ್ತೆ. ಬಿಸಿಲು ಕಂಡ್ರೆ ತಾನಾಗೇ ಹೋಗುತ್ತೆ."

ಬಟ್ಟೆಗೆ ಅರಿಶಿನದ ಕಲೆಯಾದರೆ ಒಗೆದು ಬಿಸಿಲಿಗೆ ಹಾಕಬೇಕು, ಸಂಜೆಗೆ ಇರುವುದಿಲ್ಲ. ಇದು ನಮ್ಮ ಓಣಿಯ ಹೆಂಗಸರಿಗೆಲ್ಲ ಗೊತ್ತಿದ್ದ ವಿಷಯ, ಹನ್ನೊಂದು ವರ್ಷದ ನನಗೂ ಗೊತ್ತಿತ್ತು. ಯಾವ ದೇಶದ ಕಾರಿಗೆ ಯಾವ ವರ್ಷ ಯಾವ ಬಣ್ಣ ಬಳಿದಿದ್ದರು ಎಂದು ಗಂಟೆಗಟ್ಟಲೆ ವಾದ ಮಾಡುವ ಆ ನಾಲ್ಕು ಜನ ಗಂಡಸರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರಲ್ಲಿ ಯಾರೂ ಜನ್ಮದಲ್ಲಿ ಒಂದು ಬಟ್ಟೆ ಒಗೆದವರಲ್ಲ. ಆ ತುಕ್ಕು ಅಷ್ಟು ದಿನ ಉಳಿದಿದ್ದದ್ದೂ ಡ್ರಾಯರಿನ ಕತ್ತಲಿನಿಂದ. ಅಮ್ಮ ಹೇಳಿದ ಮೇಲೆ ನನಗೆ ಒಂದು ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಶಾಲೆಗೆ ಹೋಗುವಾಗ ಇಂದಿರಾನಗರದ ಕಡೆಯ ಆಕಾಶ ನೋಡುತ್ತಿದ್ದೆ. ಮೋಡವಿದ್ದರೆ ಬೇಸರ, ಬಿಸಿಲಿದ್ದರೆ ಹಬ್ಬ. ದೇವರ ಹತ್ತಿರ ಬಿಸಿಲು ಕೇಳಿಕೊಂಡ ಮಗು ನಾನೊಬ್ಬಳೇ ಇರಬೇಕು.

ಕಾರು ಒಯ್ದ ಬೆನ್ನಿಗೇ ಕರ್ನಲ್ ಎರಡು ವಾರ ಊರಲ್ಲಿರಲಿಲ್ಲ. ಅವರು ಹೋದ ಮಾರನೆಯ ದಿನವೇ ಅಪ್ಪ ಅವರ ಮನೆಗೆ ಹೋಗಿ, ಅಡುಗೆಯವನಿಂದ ಬೀರು ತೆಗೆಸಿ, ಕಾರಿನ ಧೂಳನ್ನು ಬ್ರಷ್ಷಿನಿಂದ ಹೊಡೆದು ಬಂದ. ಯಾರೂ ಕೇಳಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಅದು. ಕರ್ನಲ್ ವಾಪಸು ಬಂದವರೇ ಮುನಿರಾಜು ಬರಬೇಕಂತೆ ಎಂದು ಹೇಳಿಕಳಿಸಿದರು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡ. ನನಗೆ ರೇಷ್ಮೆ ಲಂಗ ಉಡಿಸಲು ಹೇಳಿದ. ನಿಮ್ಮಪ್ಪನಿಗೆ ಅಲ್ಲಿ ಎಂಥ ಮರ್ಯಾದೆ ಇದೆ ಅಂತ ನೋಡುವೆಯಂತೆ ಬಾ ಎಂದ. ತೋರಿಸಲು ಇನ್ನೊಂದು ಕಾರನ್ನು ಶೂ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟ. ದರಿದ್ರ ಕೈಗೆ. ಅವನಿಗೆ ಆ ಮಾತೇ ಮರೆತುಹೋಗಿತ್ತು.

ಕರ್ನಲ್ ಮನೆಯ ವರಾಂಡ ನಮ್ಮ ಇಡೀ ಮನೆಯಷ್ಟಿತ್ತು. ಪೂರ್ವದ ಗೋಡೆ ಪೂರ್ತಿ ಕಿಟಕಿ, ಅದರ ಎದುರಿಗೆ ಗಾಜಿನ ಬೀರು, ಬೀರುವಿನ ತುಂಬ ಬಿಸಿಲು. ಬಾಗಿಲಿಂದಲೇ ನಾನು ಕಾರನ್ನು ನೋಡಿದೆ. ಕೆನೆ ಬಣ್ಣ, ಚೊಕ್ಕ. ಅಲ್ಲಲ್ಲಿ ಸುಣ್ಣದ ಪುಡಿ ಬಿಟ್ಟರೆ ಒಂದು ಕಲೆ ಇರಲಿಲ್ಲ. ನನಗೆ ನಗು ಬಂತು, ತುಟಿ ಕಚ್ಚಿಕೊಂಡೆ. ಕರ್ನಲ್ ನಮ್ಮನ್ನು ಕೂರಿಸಲಿಲ್ಲ.

"ನನ್ನ ಹತ್ರ ಕೊಟ್ಟ ಕಾರು ಎಲ್ಲಿ, ಮುನಿರಾಜು?"

ಅಪ್ಪನಿಗೆ ಅರ್ಥವಾಗಲಿಲ್ಲ. ಬೀರುವಿನ ಹತ್ತಿರ ಹೋಗಿ ಕಾರನ್ನು ಎತ್ತಿ ತಿರುಗಿಸಿ ನೋಡಿದ. ಮತ್ತೆ ನೋಡಿದ. ಕರ್ನಲ್ ಕೂಗಾಡಲಿಲ್ಲ, ಆ ಜಾತಿಯವರು ಕೂಗುವುದಿಲ್ಲ. ನಾನಿಲ್ಲದಾಗ ಬಂದು ಬೀರು ತೆಗೆಸಿದೆಯಂತೆ, ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಕೇಳಿ ತೆಗೆದುಕೊಂಡು ಹೋಗಬಹುದಿತ್ತು, ಇನ್ನೊಂದನ್ನು ಮಾಡಿ ತಂದಿಟ್ಟು ನನ್ನನ್ನು ಮೂರ್ಖ ಮಾಡುವ ಅಗತ್ಯ ಇರಲಿಲ್ಲ, ಹಿಡಿಯನ್ನೂ ಒಂದೇ ಕಡೆ ಇಟ್ಟಿದ್ದೀಯ, ಶಹಭಾಸ್ ಎಂದರು. ಅಪ್ಪ ಬದಲಾಯಿಸಿಲ್ಲ ಸಾರ್, ದೇವರಾಣೆ ಇದೇ ಸಾರ್ ಎಂದ.

"ಹಾಗಾದ್ರೆ ತುಕ್ಕು ಎಲ್ಲಿ ಹೋಯ್ತು? ತುಕ್ಕು ಹೋಗೋ ವಸ್ತು ಅಲ್ಲ. ನೀನೇ ಮಾಡಿದ್ದಲ್ವಾ, ಹೇಳು."

ಅಪ್ಪ ತಿರುಗಿ ನನ್ನನ್ನು ನೋಡಿದ, ಅಂದು ಜಗಲಿಯಲ್ಲಿ ನೋಡಿದ ಹಾಗೆಯೇ. ಅದು ನಾನು ಕಲಸಿದ ಆರತಿ ನೀರು, ಅರಿಶಿನ ಬಿಸಿಲಿಗೆ ಹೋಗುತ್ತದೆ ಎಂದು ನಾನು ಹೇಳಿದ್ದರೆ ಅವನ ಮಾನ ಉಳಿಯುತ್ತಿತ್ತು. ಸುಳ್ಳುಗಾರ ಎನಿಸಿಕೊಳ್ಳುತ್ತಿದ್ದ, ಕಳ್ಳ ಎನಿಸಿಕೊಳ್ಳುತ್ತಿರಲಿಲ್ಲ. ನಾನು ಶೂ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನೆಲ ನೋಡಿದೆ. ಕೆಂಪು ಗಾರೆ ನೆಲ, ಮುಖ ಕಾಣುವಷ್ಟು ನಯ. ಕರ್ನಲ್ ಕಾರನ್ನು ಅಪ್ಪನ ಕೈಯಲ್ಲೇ ಬಿಟ್ಟು, ಇನ್ನು ಬರುವುದು ಬೇಡ ಎಂದು ಒಳಗೆ ಹೋದರು. ಅಡುಗೆಯವನು ಬಂದು ಗೇಟು ಹಾಕಿಕೊಂಡ.

ಹಲಸೂರು ಕೆರೆಯ ಹತ್ತಿರ ಬಂದಾಗ ಅಪ್ಪ ನಿಂತ. ಕಂಬಿಬೇಲಿ ಹಿಡಿದು, ಕಾರನ್ನು ಮತ್ತೆ ತಿರುವಿ ನೋಡಿ, ನನ್ನನ್ನು ಕೇಳುವುದೋ ಬೇಡವೋ ಎಂಬಂತೆ ಕೇಳಿದ.

"ಏನಾಯ್ತೇ ಆ ಬಣ್ಣ?"

"ಅರಿಶಿನ ಅಲ್ವಾ. ಬಿಸಿಲಿಗೆ ಹೋಯ್ತು."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಲ್ಲೇ ಹೇಳ್ಬೋದಿತ್ತಲ್ಲ ಮಂಜು."

"ನಾನೇ ಮಾಡಿದ್ದು ಅಂತ ನೀನೇ ಹೇಳಿದ್ಯಲ್ಲ. ನಿಂಗೂ ಗೊತ್ತಿರುತ್ತೆ ಅಂದ್ಕೊಂಡೆ."

ಇಷ್ಟು ವರ್ಷದ ನನ್ನ ಕಸುಬಿನಲ್ಲಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ, ಅಷ್ಟು ಚೆನ್ನಾಗಿ ಮತ್ತೆ ಯಾರದನ್ನೂ ಮುಚ್ಚಿಸಿಲ್ಲ. ಅವನು ನನ್ನ ತಲೆಯ ಮೇಲೆ ಕೈ ಇಡಲು ಬಂದ, ನಾನು ಡಬ್ಬಿ ಸರಿಮಾಡಿಕೊಳ್ಳುವ ನೆಪದಲ್ಲಿ ತಪ್ಪಿಸಿಕೊಂಡೆ. ಗೆದ್ದೆ ಎನ್ನಿಸಿತ್ತು. ಆ ಗೆಲುವಿನ ರುಚಿ ಹತ್ತಿದ ಮೇಲೆ ಬೇರೆ ಯಾವುದೂ ನನಗೆ ರುಚಿಸಲಿಲ್ಲ, ಗಂಡನ ಮನೆಯಲ್ಲೂ ಅಷ್ಟೇ, ಕೆಲಸದಲ್ಲೂ ಅಷ್ಟೇ.

ಮಾರನೆಯ ದಿನ ಬೆಳಿಗ್ಗೆ ಎದ್ದಾಗ ಮುಂದಿನ ಕೋಣೆಯ ಕಿಟಕಿ ತೆಗೆದಿತ್ತು. ತುಕ್ಕು ಹಿಡಿದ ಚಿಲಕಕ್ಕೆ ಅಪ್ಪ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಬಡಿದು ತೆಗೆದಿದ್ದ. ಅಮ್ಮ ಮಿಷನ್ನನ್ನು ಒಳಗೆ ಎಳೆದುಕೊಂಡು ಕಿಟಕಿಯ ಕೆಳಗೆ ಹಾಕಿ ಕೂತಳು. ಮತ್ತೆ ಅದನ್ನು ಅಲ್ಲಿಂದ ಕದಲಿಸಲಿಲ್ಲ. ಕಿಟಕಿ ತೆಗೆದದ್ದನ್ನು ಅಪ್ಪ ಕ್ಷಮೆ ಕೇಳಿದ್ದು ಎಂದುಕೊಳ್ಳುವಷ್ಟು ದಡ್ಡಿ ನಾನಲ್ಲ. ಒಂದು ಮಾತು ಹೇಳಲು ನಾಲಿಗೆ ಏಳದವರು ಚಿಲಕ ತೆಗೆಯುತ್ತಾರೆ, ಅಷ್ಟೇ. ಅಪ್ಪ ಕಾರು ಮಾಡುವುದನ್ನು ನಿಲ್ಲಿಸಿದ. ಇದ್ದವುಗಳ ಮೇಲೆ ಧೂಳು ಕೂತಿತು, ಕೆಲವು ಓಣಿಯ ಮಕ್ಕಳ ಪಾಲಾದವು, ಉಳಿದವು ಮನೆ ಬಿಡುವಾಗ ಅದೇ ಶಿವಾಜಿನಗರದ ಗುಜರಿಗೆ ವಾಪಸು ಹೋದವು. ಕೆನೆ ಬಣ್ಣದ ಒಂದನ್ನು ಮಾತ್ರ ಅವನು ಕೊಡಲಿಲ್ಲ.

ಅಮ್ಮ ಹೋದ ಮೇಲೆ ಅಪ್ಪ ಕೆ.ಆರ್.ಪುರದ ನನ್ನ ಮನೆಗೆ ಬಂದ. ಆ ಕಾರು ನನ್ನ ಹಾಲಿನಲ್ಲಿ, ಟಿವಿಯ ಪಕ್ಕದಲ್ಲಿ ನಿಂತಿದೆ, ಒಂದೇ ಹಿಡಿಯೊಡನೆ. ಅದರ ವಿಷಯ ನಾವಿಬ್ಬರೂ ಎತ್ತಿಲ್ಲ. ಹೋದ ವರ್ಷ ಗರುಡಾಚಾರ್‌ಪಾಳ್ಯದಲ್ಲಿ ಗ್ಯಾರೇಜು ಇಟ್ಟಿರುವ ಇಮ್ತಿಯಾಜ್ ಯಾವುದೋ ಕಾಗದಕ್ಕೆ ನನ್ನ ಸಹಿ ಬೇಕೆಂದು ಮನೆಗೆ ಬಂದ. ಶಿವಾಜಿನಗರದ ಹುಡುಗ, ಬಣ್ಣದ ಕೆಲಸದಲ್ಲಿ ನಿಪುಣ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವನು ಕಾರನ್ನು ಕಂಡು, ಅಂಗೈಯಲ್ಲಿ ಎತ್ತಿಕೊಂಡು, ಯಾರು ಮಾಡಿದ್ದು ತಾತ ಎಂದು ಕೇಳಿದ. ನಾನು ಒಳಗಿಂದ ಬರುತ್ತಿದ್ದವಳು ನಿಂತೆ. ನಾನೇ ಎನ್ನುತ್ತಾನೆ, ನನಗೆ ಗೊತ್ತು ಎಂದುಕೊಂಡೆ.

"ಗಾಡಿ ನಂದು. ಈ ತುಕ್ಕು ಇದ್ಯಲ್ಲಪ್ಪ, ಇದು ನನ್ನ ಮಗಳ ಕೈ. ಹನ್ನೊಂದು ವರ್ಷ ಆಗ ಅವಳಿಗೆ. ಅಂಥಾ ಕೈ ನಾನು ಇನ್ನೊಂದು ನೋಡಿಲ್ಲ."

ಅಪ್ಪ ಬಾಗಿಲ ಸಂದು, ಚಕ್ರದ ಕಮಾನು, ಬಾನೆಟ್ಟಿನ ಅಂಚು, ಒಂದೊಂದನ್ನೂ ಬೆರಳಿಟ್ಟು ತೋರಿಸಿದ. ಕೆನೆ ಬಣ್ಣ ಬಿಟ್ಟು ಅಲ್ಲಿ ಏನೂ ಇರಲಿಲ್ಲ. ಇಮ್ತಿಯಾಜ್ ಕಾರನ್ನು ಬೆಳಕಿಗೆ ಹಿಡಿದು ನೋಡಿದ, ಆಮೇಲೆ ಅಪ್ಪನ ಮುಖ ನೋಡಿದ, ಆಮೇಲೆ ಪಾಪ ಎನ್ನುವ ಹಾಗೆ ನನ್ನ ಕಡೆ ತಿರುಗಿದ. ಹೌದು, ನಾನೇ ಮಾಡಿದ್ದು, ಅರಿಶಿನದ್ದು, ಬಿಸಿಲಿಗೆ ಹೋಯಿತು ಎನ್ನಬೇಕಿತ್ತು. ನಲವತ್ತು ವರ್ಷಗಳಿಂದ ನಾನು ಕಾದಿದ್ದ ಮಾತು ನನ್ನ ಮನೆಯ ಹಾಲಿನಲ್ಲಿ ಬಿದ್ದಿತ್ತು, ಎತ್ತಿಕೊಳ್ಳುವುದಷ್ಟೇ ಬಾಕಿ.

"ವಯಸ್ಸಾಯ್ತಲ್ಲ ಇಮ್ತಿಯಾಜ್, ಏನೇನೋ ಹೇಳ್ತಿರ್ತಾರೆ. ಕೊಡಿ, ಎಲ್ಲಿ ಸಹಿ ಹಾಕ್ಬೇಕು?"

ಅಪ್ಪನಿಗೆ ಕಿವಿ ಇನ್ನೂ ಚೆನ್ನಾಗಿ ಕೇಳುತ್ತದೆ. ಅವನು ಕಾರನ್ನು ಇಮ್ತಿಯಾಜನ ಕೈಯಿಂದ ತೆಗೆದುಕೊಂಡು ಟಿವಿಯ ಪಕ್ಕ ಇದ್ದ ಜಾಗದಲ್ಲೇ ಇಟ್ಟ, ಹಿಡಿಯಿಲ್ಲದ ಬಾಗಿಲು ಗೋಡೆಯ ಕಡೆಗೆ ಬರುವ ಹಾಗೆ ತಿರುಗಿಸಿದ. ನನ್ನ ಕಡೆ ನೋಡಲಿಲ್ಲ.